ಅಣ್ಣನ ಗಾಡಿಗೆ ಎರಡನೆಯ ಬ್ಯಾಟರಿ

ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಮಾಡಿಸಿಕೊಂಡದ್ದು ಒಂದು ಬ್ಯಾಟರಿ. ಅವ್ವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದೆವೋ ಇಲ್ಲವೋ ನೆನಪಿಲ್ಲ. ಬ್ಯಾಟರಿಗೆ ಮಾತ್ರ ನೀರು ಇದೆಯೇ, ಒಳಗಿನ ಆಸಿಡ್ಡು, ಅಂದರೆ ತೇಜಾಬು, ಗಟ್ಟಿ ಇದೆಯೇ, ತುದಿಗೆ ಹಸಿರು ಕಿಲುಬು ಬಂದಿದೆಯೇ ಎಂದು ವಾರವಾರ ನೋಡುತ್ತಿದ್ದೆವು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯಪುರಕ್ಕೆ ಆಗ ಬಿಜಾಪುರ ಎನ್ನುತ್ತಿದ್ದೆವು. ಉಪ್ಪಲಿ ಬುರುಜಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಒಂದು ಅರಿವೆ ಅಂಗಡಿಯ ಮುಂದೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂಡುತ್ತಿದ್ದೆ. ಅಣ್ಣನದು ಮೈಕ್‌ಸೆಟ್ಟಿನ ದಂಧೆ. ಯಾವುದೋ ಖಾತೆಯವರು ಹರಾಜು ಹಾಕಿದ ಹಳೇ ವ್ಯಾನೊಂದನ್ನು ತಂದು, ಅದರ ಅರ್ಧ ಭಾಗವನ್ನು ಮನೆ ಮಾಡಿದ್ದ, ಅರ್ಧವನ್ನು ಅಂಗಡಿ. ಮನೆಯ ಕಡೆ ಹಗ್ಗದ ಮಂಚ, ತಗಡಿನ ಪೆಟ್ಟಿಗೆಯಲ್ಲಿ ಸ್ಟೋವು, ನೀರಿನ ಹೂಜಿ, ಹಳೇ ಬಸ್ಸಿನಿಂದ ಬಿಚ್ಚಿ ತಂದ ಸಣ್ಣ ಫ್ಯಾನು, ತಲೆಯ ಮೇಲೊಂದು ಬಲ್ಬು. ಅಂಗಡಿಯ ಕಡೆ ಆಂಪ್ಲಿಫೈಯರ್, ರೆಕಾರ್ಡು ತಿರುಗಿಸುವ ಪೆಟ್ಟಿಗೆ, ಮರಕ್ಕೆ ಕಟ್ಟಿ ಹಾಡು ಕೇಳಿಸುವ, ಗೋಣಿಚೀಲದಲ್ಲಿ ಸುತ್ತಿಟ್ಟ ಭೋಂಗಾಗಳು. ಮದುವೆಯ ತಿಂಗಳುಗಳಲ್ಲಿ ಅಣ್ಣ, ಅವನ ಹೆಂಡತಿ ಭಾಬಿ ಇಬ್ಬರೂ ಆ ಗಾಡಿಯಲ್ಲೇ ಇರುತ್ತಿದ್ದರು. ತಿಕೋಟದ ಕಡೆ ಒಂದು ಮದುವೆ ಮುಗಿಸಿ, ಮನೆಗೂ ಬರದೆ ಇನ್ನೊಂದು ಹಳ್ಳಿಗೆ ಹೋಗಿಬಿಡುವವರು. ಹಳ್ಳಿಗಳಲ್ಲಿ ಕಂಬ ಇದ್ದರೆ ತಂತಿ ಇರುತ್ತಿರಲಿಲ್ಲ, ತಂತಿ ಇದ್ದರೆ ಕರೆಂಟು ಇರುತ್ತಿರಲಿಲ್ಲ. ಹಾಡು, ಗಾಳಿ, ಬೆಳಕು, ಎಂಜಿನ್ ಚಾಲೂ ಮಾಡುವುದು, ಎಲ್ಲವೂ ಒಂದೇ ಬ್ಯಾಟರಿಯ ತಲೆಯ ಮೇಲೆ.

ಮದುವೆ ಮುಗಿಯುವ ಹೊತ್ತಿಗೆ ಆ ಬ್ಯಾಟರಿಯೂ ಮುಗಿದಿರುತ್ತಿತ್ತು. ಆಗ ಬೀಗರೆಲ್ಲ ಧೋತರ ಮೇಲೆ ಕಟ್ಟಿ ಗಾಡಿ ನೂಕಬೇಕು. ಕೆಲವು ಊರುಗಳಲ್ಲಿ ಅದು ಮದುವೆಯ ಕೊನೆಯ ಶಾಸ್ತ್ರವೇ ಆಗಿಹೋಗಿತ್ತು. ಗಾಡಿ ತಾನಾಗಿ ಚಾಲೂ ಆದ ದಿನ ಜನರಿಗೆ ಏನೋ ಕಳೆದುಕೊಂಡ ಹಾಗೆ.

ಅಣ್ಣನಿಗೆ ಜ್ವರ ಬಂತು, ದವಾಖಾನೆಗೆ ಸೇರಿಸಿದೆವು, ತೀರಿಕೊಂಡ. ಇದಕ್ಕಿಂತ ಹೆಚ್ಚು ನನ್ನಲ್ಲಿ ಉಳಿದಿಲ್ಲ. ಓಣಿಯ ಕಟ್ಟೆಯ ಮೇಲೆ ಹಿರಿಯರ ನಡುವೆ ಕುಂತು ಮಾತು ಕಲಿತವನು ನಾನು. ಯಾರ ಮನೆಯಲ್ಲಿ ಏನಾದರೂ ಆ ಮುದುಕರಿಗೆ ಆಡಲು ಒಂದು ಮಾತು ಇರುತ್ತಿತ್ತು. ನನಗೂ ಹೇಳಿದರು. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ನಾನು ತಲೆ ಆಡಿಸುತ್ತಿದ್ದೆ, ಮತ್ತೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂಡುತ್ತಿದ್ದೆ. ಕಾಲು ತುಳಿಯುತ್ತಿತ್ತು, ಸೂಜಿ ಓಡುತ್ತಿತ್ತು.

ಭಾಬಿ ಇದ್ದತ್ತಿಗೆ ಕುಂತಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟದೆ, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ ಕೂಡುವ ಕಾಲ ಅದು. ಮೈದುನನಾದ ನಾನೂ ಆ ಲೆಕ್ಕದಲ್ಲಿ ಹೊರಗಿನವನೇ. ಒಳಮನೆಯ ಬಾಗಿಲಿಗೆ ಪರದೆ ಬಿತ್ತು. ಆಮೇಲೆ ಭಾಬಿಯೆಂದರೆ ನನಗೆ ಒಂದು ಪರದೆ ಮತ್ತು ಅದರ ಹಿಂದಿನ ದನಿ. ಅವಳು ಕಳ್ಳಕವಟಗಿಯವಳು, ತವರಿನಲ್ಲಿ ಕನ್ನಡವೇ ಮನೆಮಾತು. ಅವಳ ಸಂಗಡ ನಾವೂ ಕನ್ನಡದಲ್ಲೇ ಆಡುತ್ತಿದ್ದೆವು.

ಮೊದಲ ಹದಿನೈದು ದಿನ ಪರದೆಯ ಹಿಂದಿನಿಂದ ಏನೂ ಕೇಳಲಿಲ್ಲ. ಆಮೇಲೆ ಒಂದು ಮುಂಜಾನೆ ಕೇಳಿತು.

"ತಮ್ಮಾ, ಬ್ಯಾಟರಿ ನೋಡಿದಿ?"

ನೋಡಿರಲಿಲ್ಲ. ಯಾರಿಗೆ ನೆನಪಿತ್ತು? ಬಿಚ್ಚಿಕೊಂಡು ಸ್ಟೇಷನ್ ರಸ್ತೆಯ ಬ್ಯಾಟರಿ ಮಿಸ್ತ್ರಿಯ ಹತ್ತಿರ ಒಯ್ದೆ. ಅವನು ಮುಚ್ಚಳ ತೆಗೆದು ಗಾಜಿನ ನಳಿಗೆ ಇಳಿಸಿ ತೇಜಾಬು ಎಳೆದು ನೋಡಿದ.

"ಗಾಡಿ ನಿಂತ್ರ ನಿಲ್ಲಲಿ, ಬ್ಯಾಟರಿ ನಿಂದರಬಾರ್ದು," ಅಂದ. "ಕೆಲಸಿಲ್ಲದ ಬ್ಯಾಟರಿ ಒಳಗಿಂದೊಳಗ ಬೆಳ್ಳಗಾಗಿ ಹೋಕ್ಕೈತಿ. ವಾರಕ್ಕೊಮ್ಮೆರ ಎಂಜಿನ್ ಬಿಡ್ರಿ, ದೀಪಾ ಹಚ್ಚರಿ, ಏನರ ಮಾಡ್ರಿ."

ಅಲ್ಲಿಂದ ಅದೊಂದು ಕೆಲಸವಾಯಿತು. ಮನೆಯಲ್ಲಿ ಎಲ್ಲವೂ ನಿಂತಿತ್ತು, ಹಾಗೆ ನಿಲ್ಲುವುದೇ ನಮ್ಮಲ್ಲಿ ರಿವಾಜು. ಅಂಗಳದಲ್ಲಿ ಮಾತ್ರ ಒಂದು ವಸ್ತು ನಿಂತರೆ ಕೆಡುತ್ತಿತ್ತು. ಪ್ರತಿ ಶುಕ್ರವಾರ ನಮಾಜಿನಿಂದ ಬಂದವನೇ ಎಂಜಿನ್ ಚಾಲೂ ಮಾಡುತ್ತಿದ್ದೆ. ಒಳಗಿನಿಂದ ವಿಚಾರಣೆ ನಡೆಯುತ್ತಿತ್ತು.

"ಎಷ್ಟೊತ್ತು ಬಿಟ್ಟಿ?"

"ಒಂದು ಚಹಾ ಕುಡದು ಬರೂತನಕ."

"ಯಾರ ಚಹಾ? ನಿನ್ನ ಚಹಾನೋ, ನಿಮ್ಮಣ್ಣನ ಚಹಾನೋ?"

ಅಣ್ಣ ಬಸಿಯಲ್ಲಿ ಸುರಿದುಕೊಂಡು, ಊದಿ ಊದಿ, ಊರ ಸುದ್ದಿ ಹೇಳುತ್ತ ಕುಡಿಯುವವನು. ಅವನ ಚಹಾ ಮುಗಿಯುವುದರಲ್ಲಿ ಒಂದು ಅಂಗಿ ಹೊಲಿಯಬಹುದಿತ್ತು. ಭಾಬಿ ಚೇಷ್ಟೆ ಮಾಡಿದ್ದಳು. ನಗುವ ಜಾಗ ಅದು, ನಮಗಿಬ್ಬರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ನಾನು ಹೋಗಿ ಎಂಜಿನ್ ಇನ್ನಷ್ಟು ಹೊತ್ತು ಬಿಟ್ಟೆ.

ಎರಡನೆಯ ಬ್ಯಾಟರಿಯ ವಿಚಾರ ಅವಳದೇ. "ಒಂದ ಪಾತ್ರಿಯೊಳಗ ಅನ್ನಾನೂ ಮಾಡು, ಚಹಾನೂ ಕಾಸು ಅಂದ್ರ ಹೆಂಗಾಗಬೇಕು? ಎಂಜಿನ್ನಿಗೆ ಬ್ಯಾರೆ ಇರ್ಲಿ, ಮನಿ ಕಡಿಗೆ ಬ್ಯಾರೆ ಇರ್ಲಿ. ಹಾಡಾ ಹಚ್ಚಿ ಮುಗಿದ್ರೂ ಗಾಡಿ ತಾನ ಎದ್ದು ಬರಬೇಕು."

"ಎರಡಕ್ಕೂ ಚಾರ್ಜು ಎಲ್ಲಿಂದ?"

"ಡೈನಮೊ ಒಂದ ಸಾಕು. ನಡೂಕ ಒಂದು ಹಿಡಕಿ ಹಾಕು. ಗಾಡಿ ಓಡೂವಾಗ ಕೂಡಸು, ನಿಂತಾಗ ಬಿಡಸು. ನಿಮ್ಮಣ್ಣಗ ಹೇಳಿ ಹೇಳಿ ನನ್ನ ಬಾಯಿ ಹೋತು. ಬರೂ ವರ್ಷ ಮಾಡೂಣು ಅಂತಿದ್ರು."

ಮಿಸ್ತ್ರಿ ಒಂದು ಹಳೇ ಟ್ರ್ಯಾಕ್ಟರಿನ ಬ್ಯಾಟರಿಗೆ ಹೊಸ ಪ್ಲೇಟು ಕೂಡಿಸಿಕೊಟ್ಟ. ಅದನ್ನು ಹಿಂಬಾಗಿಲ ಮೆಟ್ಟಿಲ ಹತ್ತಿರ, ಮಂಚದ ಕೆಳಗೆ ಕಟ್ಟಿಗೆಯ ಪೆಟ್ಟಿಗೆ ಮಾಡಿ ಇಟ್ಟೆ. ಎಂಜಿನ್ನಿನದು ಮೊದಲಿನಂತೆ ಡ್ರೈವರನ ಆಸನದ ಕೆಳಗೆ ಉಳಿಯಿತು. ಎರಡರ ನಡುವೆ ತಾಮ್ರದ ಹಿಡಿಕೆಯ ದಪ್ಪ ಸ್ವಿಚ್ಚು. ಅಣ್ಣ ಗಂಟು ಹಾಕಿ ಮೇಲೆ ಅಂಟುಪಟ್ಟಿ ಸುತ್ತಿದ್ದ ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆದೆ, ಫ್ಯಾನಿಗೊಂದು ಬಲ್ಬಿಗೊಂದು ಫ್ಯೂಜು ಕೊಟ್ಟೆ. ಹಳೇ ವೈರಿನ ಒಂದು ಗಂಟಿನಲ್ಲಿ ಅವನ ಹಲ್ಲಿನ ಗುರುತಿತ್ತು, ವೈರನ್ನು ಹಲ್ಲಿನಿಂದಲೇ ಸುಲಿಯುವ ಚಟ ಅವನಿಗೆ. ಅದನ್ನೂ ಕಸದಲ್ಲಿ ಹಾಕಿದೆ. ಆ ಹೊತ್ತಿಗೆ ಏನೂ ಅನಿಸಲಿಲ್ಲ. ಈಗಲೂ ಏನು ಅನಿಸಬೇಕಿತ್ತು ಎಂದು ಗೊತ್ತಿಲ್ಲ.

ಅಪ್ಪ ಇಲ್ಲದ ನಮ್ಮ ಮನೆಗೆ ಅಪ್ಪನ ತಮ್ಮ, ನಮ್ಮ ಚಾಚಾ, ಹಿರಿಯ. ಕೆಟ್ಟವನಲ್ಲ. ಗಾಡಿಯನ್ನು ಗುಜರಿಗೆ ಹಾಕಬೇಕು, ಭಾಬಿ ತವರಿಗೆ ಹೋಗಬೇಕು ಎನ್ನುವುದು ಅವನ ಮನಸ್ಸು. ಒಂದು ದಿನ ಬಂದು ಪರದೆಯ ಈಚೆ ಕುಂತು ಹೇಳಿಯೂಬಿಟ್ಟ.

"ನೋಡವ್ವಾ, ಬಿಜ್ಜರಗಿ ಗೌಡ್ರ ಮಗಳ ಮದುವಿಗೆ ನಿನ್ನ ಗಂಡ ಮಾತು ಕೊಟ್ಟಾನ. ಆ ಮಾತು ನಡಸೂಣು. ಅಲ್ಲಿ ಎಲ್ಲಾ ಬರೋಬರಿ ನಡದ್ರ ಗಾಡಿ ಇಟ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ನಡು ಮದುವ್ಯಾಗ ಬ್ಯಾಟರಿ ಕೈಕೊಟ್ಟು ಮಂದಿ ಮುಂದ ಮಾನ ಹೋತಂದ್ರ, ಅವತ್ತಿಗೆ ಮುಗೀತು. ನಿಮ್ಮಣ್ಣದೇರು ಬಂದು ಕರಕೊಂಡು ಹೋಗ್ಲಿ."

"ಹೂಂ," ಅಂತ ಒಳಗಿನಿಂದ ಬಂತು. ಅಷ್ಟೇ.

ಅವನು ಹೋದ ಮೇಲೆ ನನಗೆ ಹೇಳಿದಳು. "ನಮ್ಮಣ್ಣದೇರು ಚಲೋ ಅದಾರ. ಊಟಕ್ಕ ಕಡಿಮಿ ಮಾಡಂಗಿಲ್ಲ. ಆದ್ರ ಅಲ್ಲಿ ನಾ ಸಾಯೂತನಕ ಹೊರಗಿಂದ ಬಂದಾಕಿ. ಗಾಡ್ಯಾಗ ನನ್ನ ಒಲಿ ಐತಿ." ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಂತೆಯಿಂದ ಏನು ತರಬೇಕೆಂದು ಹೇಳುವ ಹಾಗೆ ಹೇಳಿದಳು.

ಇದ್ದತ್ತು ಮುಗಿಯಿತು. ಬಿಜ್ಜರಗಿಗೆ ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೊರಟೆವು. ನಾನು ನಡೆಸುತ್ತಿದ್ದೆ, ಹಿಂದೆ ಮಂಚದ ಮೇಲೆ ಅವ್ವ ಮತ್ತು ಭಾಬಿ. ತಿಕೋಟದಲ್ಲಿ ನೀರು ಕುಡಿಯಲು ನಿಲ್ಲಿಸಿದಾಗ ಪರಿಚಯದ ಹೋಟೆಲಿನವನು ಡ್ರೈವರನ ಜಾಗ ನೋಡಿದ, ನನ್ನನ್ನು ನೋಡಿದ, ಒಳಗೆ ಹೋಗಿ ಮೂರು ಚಹಾ ಕಳಿಸಿದ. ತಾನು ಹೊರಗೆ ಬರಲಿಲ್ಲ.

ಮದುವೆಯ ಮನೆಯ ಯಜಮಾನ ಅಣ್ಣನ ದೋಸ್ತ. ಬಿಳಿ ಮೀಸೆಯ ಗಟ್ಟಿ ಆಳು. ಅಣ್ಣನಿಗಿಂತ ಬಹಳ ದೊಡ್ಡವನು, ಆದರೂ ಇಬ್ಬರದೂ ಲೇ ಲೇ ಎನ್ನುವ ಸಲಿಗೆ. ಭಾಬಿಗೂ ನನಗೂ ಕಾಕಾ. ಗಾಡಿ ಬಂದಾಗ ಓಡಿ ಬಂದವನು ಬಾಗಿಲ ಹತ್ತಿರ ನಿಂತುಬಿಟ್ಟ. ಕಡೆಗೆ, "ಬರ್ರಿ ಯವ್ವಾ, ಬಿಸಲಾಗ ಬಂದೀರಿ," ಎಂದು ತಂಬಿಗೆ ನೀರು ಹಿಡಿದ. ಸಂಜೆಯ ಅರಿಷಿಣದ ಹಾಡಿಗೆ ಭೋಂಗಾ ಕಟ್ಟಿದೆ. ಮನೆ ಕಡೆಯ ಬ್ಯಾಟರಿ ಕುದುರೆಯ ಹಾಗೆ ನಡೆಯಿತು. ಭಾಬಿಯೇ ರೆಕಾರ್ಡು ಹಚ್ಚುತ್ತಿದ್ದಳು, ತೆಗೆಯುತ್ತಿದ್ದಳು. ಹಾಡು ಅವಳಿಗೆ ಕೇಳುತ್ತಿತ್ತೋ ಇಲ್ಲವೋ, ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ.

ಮರುದಿನ ಮುಂಜಾನೆ ಗಾಡಿಯ ಬದಿಯಲ್ಲಿ ನಿಂತು ಅವ್ವನಿಗೆ, "ಈ ಬ್ಯಾಟರಿಗೊಂದಿಷ್ಟು ನೀರು ಹಾಕಬೇಕು, ಭೋಂಗಾ ಬಿಗದು ಬರತೇನಿ," ಎಂದು ಹೇಳಿ ಬೇವಿನ ಮರ ಹತ್ತಿದೆ. ಅವ್ವ ಮತ್ತು ಭಾಬಿ ಹೆಂಗಸರ ಕಡೆ ನಾಷ್ಟಾಕ್ಕೆ ಹೋದರು. ಇಳಿದು ಬರುವಾಗ ಕಾಕಾ ಹಿಂಬಾಗಿಲ ಹತ್ತಿರ ಕುಂತಿದ್ದ. ಪಕ್ಕದಲ್ಲಿ ತಾಮ್ರದ ಕೊಡ. ಕಟ್ಟಿಗೆಯ ಪೆಟ್ಟಿಗೆಯಿಂದ ಬ್ಯಾಟರಿಯನ್ನು ಹೊರಗೆ ಎಳೆದಿದ್ದ, ಆರೂ ಮುಚ್ಚಳಗಳನ್ನು ತಿರುವಿ ಸಾಲಾಗಿ ಮೆಟ್ಟಿಲ ಮೇಲೆ ಇಟ್ಟಿದ್ದ. ಅವನ ಕಾಲ ಬುಡದ ನೆಲ ತೊಯ್ದು, ಸುಣ್ಣಕಲ್ಲಿನ ಹರಳು ಇದ್ದ ಆ ಮಣ್ಣು ಬುಸುಬುಸು ಬಿಳಿ ನೊರೆ ಕಾರುತ್ತಿತ್ತು. ಕೊಡದ ನೀರನ್ನು ಕೊನೆಯ ತೂತಿಗೆ ತುಂಬುತ್ತಿದ್ದ.

ನೋಡಿದೊಡನೆ ತಿಳಿಯಿತು. ಜೋಳದ ಚೀಲ ಎತ್ತುವ ಕೈ ಅದು. ಬ್ಯಾಟರಿಯನ್ನು ಬೋರಲು ಹಾಕಿ, ಒಳಗಿನ ತೇಜಾಬನ್ನೆಲ್ಲ ಚೆಲ್ಲಿ, ತನ್ನ ಬಾವಿಯ ಸವಳು ನೀರು ತುಂಬಿದ್ದ.

ನಾಷ್ಟಾ ಮುಗಿಸಿ ಬಂದ ಭಾಬಿ ನನ್ನ ಹಿಂದೆಯೇ ನಿಂತಿದ್ದಳು. ಕಾಕಾ ಅವಳನ್ನು ನೋಡಿ ಎದ್ದ. ಬೆರಳು ಉರಿಯುತ್ತಿದ್ದವೇನೋ, ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ.

"ಇವನು ನೀರು ಹಾಕಬೇಕು ಅಂದಿದ್ದು ಕೇಳ್ತು. ನಿನ್ನ ಗಂಡ ಹಾಕೂದು ನೋಡೇನಿ ನಾನು, ಮುಚ್ಚಳಾ ತಗಿಯೂದು ಗೊತ್ತಿತ್ತು. ಆದ್ರ ಯವ್ವಾ, ಒಳಗ ಹಳೇ ನೀರು ಇತ್ತು. ಅವನು ಇದ್ದಾಗಿಂದು. ನಿಮ್ಮ ಮಂದಿಯೊಳಗ ಹೆಂಗೋ ಏನೋ, ನಮ್ಮೊಳಗ ಮನ್ಯಾಗ ಸಾವು ಆತಂದ್ರ ನಿಂತ ನೀರು ಇಡಂಗಿಲ್ಲ. ಕೊಡಾ, ಹಂಡೆ ಎಲ್ಲಾ ಚೆಲ್ಲಿ ಹೊಸಾ ನೀರು ತುಂಬತೇವಿ. ಮನಿ ಮಂದಿ ಮಾಡೂ ಕೆಲಸ ಅದು. ಅವತ್ತ ನನಗ ಸುದ್ದಿ ತಡಾ ಆತು, ಮಣ್ಣಿಗೆ ಬರಾಕ ಆಗಲಿಲ್ಲ. ಇದರ ಮಾಡೂಣಂತ..."

ಆ ಬ್ಯಾಟರಿ ಅಣ್ಣ ತೀರಿದ ಮೇಲೆ ಬಂದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಭಾಬಿ ಬ್ಯಾಟರಿಯನ್ನು ನೋಡಿದಳು, ನೊರೆ ನೋಡಿದಳು.

"ಚಲೋ ಮಾಡಿದ್ರಿ ಕಾಕಾ," ಅಂದಳು. "ಹೋಗ್ರಿ, ಕೈ ಚಂದಗೆ ತೊಳಕೋರಿ. ಬಾಳ ನೀರು ಹಾಕಿ ತೊಳಕೋರಿ. ಧೋತರಾನೂ ಬದಲ ಮಾಡ್ರಿ, ಅಕ್ಷತಾಕ್ಕ ಹೊತ್ತಾತು."

ಅವನು ಹೋದ. ನಾನು ಅದಕ್ಕೆ ಮತ್ತೆ ವೈರು ಸಿಗಿಸಿ, ನಡುವಿನ ಹಿಡಿಕೆ ಬಿಡಿಸಿ ಬಲ್ಬು ಹಚ್ಚಿ ನೋಡಿದೆ. ಕೆಂಪಗೆ ಒಂದು ಎಳೆ ಕಂಡು ಆರಿತು.

"ಇದನ್ನ ಪೂರ್ತಿ ಬಿಡಸು," ಅಂದಳು ಭಾಬಿ. "ಆಂಪ್ಲಿಫೈಯರ್ ವೈರು ಎಂಜಿನ್ ಬ್ಯಾಟರಿಗೆ ಕೊಡು. ಗಾಡಿ ಬಣಿವಿ ಹಿಂದ ಒಯ್ದು ಹಚ್ಚು, ಸಪ್ಪಳಾ ಹಂದರಕ್ಕ ಕೇಳಬಾರ್ದು. ಅಕ್ಷತಾ ಮುಗಿಯೂತನಕ ಎಂಜಿನ್ ಬಂದ್ ಮಾಡಬ್ಯಾಡ." ಫ್ಯಾನಿನ ವೈರನ್ನು ತಾನೇ ಕಿತ್ತಳು.

ಅಷ್ಟರಲ್ಲಿ ಮುಂಜಾನೆಯ ಬಸ್ಸಿಗೆ ಚಾಚಾ ಬಂದ. ಹಂದರದಲ್ಲಿ ಗಾಡಿ ಕಾಣದೆ, ಸಪ್ಪಳ ಹಿಡಿದು ಬಣವೆಯ ಹಿಂದೆ ಬಂದ. ನಿಂತ ಗಾಡಿಯ ಎಂಜಿನ್ ಓಡುತ್ತಿದೆ, ಹಿಂದಿನ ಪೆಟ್ಟಿಗೆ ಖಾಲಿ ಇದೆ, ಬ್ಯಾಟರಿ ಮಂಚದ ಪಕ್ಕ ಬಿಚ್ಚಿ ಬಿದ್ದಿದೆ.

"ಏನಾತು?"

ನನ್ನ ಬಾಯಿಗೆ ಬಂದಿತ್ತು. ಕಾಕಾನ ಹೆಸರು ಹೇಳಿದರೆ ಸಾಕು. ಬ್ಯಾಟರಿ ತಾನಾಗಿ ಕೈಕೊಟ್ಟಿಲ್ಲ, ನಮ್ಮ ವೈರಿನದೂ ತಪ್ಪಲ್ಲ ಎಂದು ತಿಳಿದು ಚಾಚಾ ತಣ್ಣಗಾಗುತ್ತಿದ್ದ. ಗಾಡಿ ಉಳಿಯುತ್ತಿತ್ತು. ಆದರೆ ಚಾಚಾ ಸುಮ್ಮನೆ ಇರುವವನಲ್ಲ. ಹಂದರಕ್ಕೆ ಹೋಗಿ, ಎಂಥಾ ಕೆಲಸ ಮಾಡಿದ್ರಿ ಗೌಡ್ರ ಎಂದು ನಾಲ್ಕು ಮಂದಿಯ ಮುಂದೆ ಒಂದು ಮಾತು ಆಡಿಯೇ ಆಡುತ್ತಿದ್ದ. ಮಗಳ ಅಕ್ಷತೆಯ ಹೊತ್ತಿಗೆ.

ಭಾಬಿ ನನಗಿಂತ ಮೊದಲು ಮಾತಾಡಿದಳು. "ಬ್ಯಾಟರಿ ಹೋತು, ಚಾಚಾ."

"ಹಂಗಾರ ಮುಗೀತಲ್ಲವ್ವಾ."

"ಮುಗೀಲಿ. ಮದುವಿ ಆಗೂತನಕ ತಡೀರಿ." ಅಷ್ಟು ಹೇಳಿ ಸೆರಗು ಸರಿ ಮಾಡಿಕೊಂಡು ರೆಕಾರ್ಡಿನ ಪೆಟ್ಟಿಗೆಯ ಮುಂದೆ ಹೋಗಿ ಕುಂತಳು. ಸೂಜಿ ಸರಿಯಾಗಿ ಗೆರೆಯ ಮೇಲೆ ಇಳಿಯಿತು. ಅವಳಿಗೆ ಇದ್ದ ಒಂದೇ ಮನೆಯನ್ನು ಈಗಷ್ಟೇ ಬಿಟ್ಟುಕೊಟ್ಟಿದ್ದಳು. ಅದು ನನಗೆ ಗೊತ್ತಿತ್ತು. ಎದೆ ಮಾತ್ರ ಏನೂ ಹೇಳಲಿಲ್ಲ, ಮರಗಟ್ಟಿದ ಕಾಲನ್ನು ಚಿವುಟಿಕೊಂಡ ಹಾಗೆ.

ನಿಂತ ಗಾಡಿಯ ಎಂಜಿನ್ ಬಿಸಿಲಲ್ಲಿ ಬಲು ಬೇಗ ಕಾಯುತ್ತದೆ. ನಾನು ಹಂದರಕ್ಕೂ ಬಣವೆಗೂ ವೈರು ನೋಡುತ್ತ ಓಡಾಡಬೇಕು. ಹಾಗಾಗಿ ರೇಡಿಯೇಟರಿಗೆ ನೀರು ಹಾಕುವ ಕೆಲಸ ಚಾಚಾನ ಪಾಲಿಗೆ ಬಂತು. ಗುಜರಿಗೆ ಹಾಕಬೇಕೆಂದವನೇ ಟೋಪಿ ತೆಗೆದಿಟ್ಟು, ತೋಳು ಮಡಿಚಿ ಕೊಡ ಹಿಡಿದುಕೊಂಡು ನಿಂತ.

"ಎಷ್ಟು ಕುಡೀತೈತಿ ಇದು! ಎಮ್ಮಿಗರ ಕುಡಿಸಿದ್ರ ಹಾಲು ಕೊಡತಿತ್ತು," ಎಂದು ಗೊಣಗಿದ.

"ಇದು ಹಾಡಾ ಕೊಡತೈತಿ, ಚಾಚಾ," ಅಂದಳು ಭಾಬಿ, ತಲೆ ಎತ್ತದೆ.

ಅಕ್ಷತೆಗೆ ಮೈಕು ಕೊಟ್ಟೆವು. ಮಂಗಳಾಷ್ಟಕ ಊರ ಆಚೆಯ ಹೊಲದವರೆಗೂ ಕೇಳಿತು ಎಂದು ಆಮೇಲೆ ಜನ ಹೇಳಿದರು. ಊಟದ ಪಂಕ್ತಿ ಕುಂತ ಹೊತ್ತಿಗೆ ನಾನು ಮರದ ಬುಡದಲ್ಲಿ ವೈರು ಸುತ್ತುತ್ತಿದ್ದೆ. ಚಾಚಾ ಬೆಳಗಿನ ಜಾಗಕ್ಕೆ ಕೈ ತೊಳೆಯಲು ಬಂದ. ಅಲ್ಲಿ ನೆಲದ ನೊರೆ ಒಣಗಿ ಬಿಳಿ ಹೊಪ್ಪಳೆಯಾಗಿತ್ತು. ಚಾಚಾ ಬಗ್ಗಿದ. ಒಂದು ಹೆಂಟೆ ಎತ್ತಿ ಮೂಸಿದ. ಹರೆಯದಲ್ಲಿ ಲಾರಿಯ ಮೇಲೆ ದುಡಿದವನು ಅವನು, ತೇಜಾಬಿನ ವಾಸನೆ ಗೊತ್ತು. ಪಕ್ಕದಲ್ಲೇ ಮದುವೆಯ ಮನೆಯ ತಾಮ್ರದ ಕೊಡ ಇತ್ತು, ಅದರ ಬಾಯಿಯಂಚಿಗೆ ಹಸಿರು ಕಲೆ. ಕೊಡ ನೋಡಿದ. ಹಂದರದಲ್ಲಿ ಬೆರಳಿಗೆ ಅರಿವೆ ಸುತ್ತಿಕೊಂಡು, ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ, "ಇನ್ನೊಂದು ಹಾಕಸಕೋರಿ" ಎಂದು ದೊಡ್ಡ ದನಿಯಲ್ಲಿ ಉಪಚಾರ ಮಾಡುತ್ತಿದ್ದ ಕಾಕಾನನ್ನು ನೋಡಿದ. ಬಹಳ ಹೊತ್ತು ನೋಡಿದ. ಹೆಂಟೆಯನ್ನು ಕೈಯಲ್ಲೇ ಪುಡಿ ಮಾಡಿ ಕೆಳಗೆ ಬಿಟ್ಟ.

ಕಾಕಾ ಕರೆದಾಗ ಹೋಗಿ ಪಂಕ್ತಿಯಲ್ಲಿ ಕುಂತ, ಎರಡು ಹೋಳಿಗೆ ಹಾಕಿಸಿಕೊಂಡ.

ಹೊರಡುವ ಹೊತ್ತಿಗೆ ಬಬಲೇಶ್ವರದಿಂದ ಬಂದ ಬೀಗರ ಪೈಕಿ ಒಬ್ಬ ಹಿರಿಯ ಹೆಂಗಸು ಗಾಡಿಯ ಬಾಗಿಲಿಗೆ ಬಂದಳು.

"ಹಾಡಾ ಹಚ್ಚಿದಾಕಿ ನೀನ ಏನ ಬೇ? ನಮ್ಮ ಮನ್ಯಾಗ ಬರೂ ತಿಂಗಳ ಎರಡು ಲಗ್ನ ಅದಾವು. ಬರತೀರಿ?"

ಬರುತ್ತೇವೆ ಎನ್ನಲು ಗಾಡಿ ಭಾಬಿಯದಾಗಿ ಉಳಿದಿರಲಿಲ್ಲ. ಬಾಗಿಲ ಹಿಡಿ ಹಿಡಿದುಕೊಂಡು ಚಾಚಾನ ಕಡೆ ನೋಡಿದಳು. ಬೇಡುವ ನೋಟವಲ್ಲ. ಹೇಗೂ ಹೇಳುವವನು ನೀನು, ನೀನೇ ಹೇಳು ಎನ್ನುವ ಹಾಗೆ.

ಚಾಚಾ ಟೋಪಿ ಇಟ್ಟುಕೊಂಡ. "ಬರತಾರ," ಅಂದ ಆ ಹೆಂಗಸಿಗೆ. "ಹಿಂದಿಂದು ಬ್ಯಾಟರಿಗೆ ತೇಜಾಬು ಹಾಕಸೂದೈತಿ. ಅದು ಆತಂದ್ರ ಬರತಾರ." ನಂತರ ನನ್ನ ಕಡೆ ತಿರುಗಿ, "ಮಿಸ್ತ್ರಿ ಕಡೆ ನಾಳೆ ನಾನೂ ಬರತೇನಿ. ಪ್ಲೇಟು ತೊಳದು ನೋಡಂತ ಹೇಳೂಣು. ಸವಳಿಗೆ ಉಳಿದಿರಂಗಿಲ್ಲ, ಆದ್ರೂ ನೋಡೂಣು," ಅಂದ. ನಾವು ಯಾರೂ ಹೇಳದ ಸವಳಿನ ಮಾತು ಅವನ ಬಾಯಿಂದಲೇ ಬಂತು. ಭಾಬಿ ಅದನ್ನು ಕೇಳಿಸಿಕೊಂಡಳು. ಬಾಗಿಲು ಹಾಕಿಕೊಂಡಳು.

ಕಾಕಾ ಮತ್ತು ಅವನ ಮಂದಿ ರೂಢಿಯಂತೆ ಗಾಡಿ ನೂಕಲು ಸಾಲಾಗಿ ಬಂದು ನಿಂತಿದ್ದರು. ಕೀಲಿ ತಿರುವಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಅವರು ಕೈ ಕೆಳಗೆ ಬಿಟ್ಟು ಹಾಗೇ ನಿಂತರು.

ತಿಕೋಟ ದಾಟುವ ಹೊತ್ತಿಗೆ ಚಾಚಾ ನನ್ನ ಪಕ್ಕದಲ್ಲಿ ಕುಂತು ನಿದ್ದೆ ಹೋದ. ಹಿಂದೆ ಫ್ಯಾನಿಲ್ಲದೆ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸ್ಟೋವಿಗೆ ಗಾಳಿ ಹೊಡೆಯುವ ಸಪ್ಪಳ ಬಂತು. ಓಡುವ ಗಾಡಿಯಲ್ಲೇ ಭಾಬಿ ಒಲೆ ಹಚ್ಚಿದ್ದಳು. ನಾನು ತೆಗ್ಗು ತಪ್ಪಿಸುತ್ತ, ಪಾತ್ರೆ ಅಲುಗಾಡದ ಹಾಗೆ ಮೆಲ್ಲಗೆ ಗಾಡಿ ನಡೆಸಿದೆ.